ಟಿ.ಪಿ.ಆರ್. ಪುಸ್ತಕದ ಆ 20: ನರ್ಸಿಂಗ್ ಕಾಲೇಜುಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ನರ್ಸಿಂಗ್ ಕಾಲೇಜು ಹಾಗೂ ಶಾಲೆಗಳ ಪ್ರಾಂಶುಪಾಲರು ಮತ್ತು ಕ್ಲಿನಿಕಲ್ ಬೋಧಕರು

ವಿಷಯ: ವಾರ್ಡ್ ಪೋಸ್ಟಿಂಗ್‌ನಲ್ಲಿ ವಿದ್ಯಾರ್ಥಿಗಳಿಗೆ ರೋಗಿಯನ್ನು ನೋಡಿ ತೀರ್ಮಾನಿಸುವುದನ್ನು ಕಲಿಸುವ ಬಗ್ಗೆ

ಮಾನ್ಯರೇ,

ನಿಮ್ಮ ವಿದ್ಯಾರ್ಥಿಗಳು ಪೋಸ್ಟಿಂಗ್ ಮಾಡಿ ಹೋದ ಯಾವುದೇ ದಿನ ವಾರ್ಡಿನ ಟಿ.ಪಿ.ಆರ್. ಪುಸ್ತಕ, ಅಂದರೆ ರೋಗಿಗಳ ಜ್ವರ, ನಾಡಿ, ಉಸಿರಾಟ ಬರೆದಿಡುವ ಪುಸ್ತಕ ತೆಗೆದು, ನಿಮಿಷಕ್ಕೆ ಎಷ್ಟು ಉಸಿರು ಎಂದು ಬರೆಯುವ ಉಸಿರಾಟದ ಕಾಲಂ ಅನ್ನು ಮೇಲಿಂದ ಕೆಳಕ್ಕೆ ಒಮ್ಮೆ ಓದಿ. 20, 20, 18, 20, 20, 20. ನ್ಯುಮೋನಿಯಾ ಆದ ಅಜ್ಜನಿಗೂ 20, ಹರ್ನಿಯಾ ಆಪರೇಷನ್ ಆದ ಹುಡುಗನಿಗೂ 20, ಸಕ್ಕರೆ ಏರಿ ಬಾಯಿ ಒಣಗಿ ಏದುಸಿರು ಬಿಡುತ್ತಿರುವ ಹೆಣ್ಣುಮಗಳಿಗೂ 20. ನಲವತ್ತು ಹಾಸಿಗೆಯ ವಾರ್ಡಿನಲ್ಲಿ ನಲವತ್ತೂ ಜನ ಒಂದೇ ತಾಳಕ್ಕೆ ಉಸಿರಾಡುವುದು ಲೋಕದಲ್ಲಿ ಎಲ್ಲೂ ಇಲ್ಲ. ಆ ಅಂಕಿಯನ್ನು ಯಾರೂ ಎಣಿಸಿಲ್ಲ ಎಂಬುದು ಬರೆದ ವಿದ್ಯಾರ್ಥಿಗೆ ಗೊತ್ತು, ಕೆಳಗೆ ಸಹಿ ಹಾಕಿದ ಬೋಧಕರಿಗೆ ಗೊತ್ತು, ಅದೇ ಪುಸ್ತಕ ಮುಂದಿಟ್ಟುಕೊಂಡು ಡ್ಯೂಟಿ ಮಾಡುವ ನಮಗೂ ಗೊತ್ತು.

ಈ ಪತ್ರ ಬರೆಯುತ್ತಿರುವ ನಾವು ಮೂರು ಜಿಲ್ಲೆಗಳ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ವಾರ್ಡುಗಳಲ್ಲಿರುವ ಶುಶ್ರೂಷಾಧಿಕಾರಿಗಳು. ಯಾವುದೋ ಒಂದು ಕಾಲೇಜನ್ನು ಗುರಿ ಮಾಡಿ ಬರೆದ ದೂರಲ್ಲ ಇದು. ನಿಮ್ಮಲ್ಲಿಂದ ಬರುವ ಮಕ್ಕಳ ಕೈ ಪಳಗಿರುತ್ತದೆ. ಕ್ಯಾನುಲಾ ಹಾಕುತ್ತಾರೆ, ಕ್ಯಾತಿಟರ್ ಆರೈಕೆ ಮಾಡುತ್ತಾರೆ, ಹಾಸಿಗೆಯ ಮೂಲೆ ಮಡಿಸಿದರೆ ಇಸ್ತ್ರಿ ಹಾಕಿದಂತೆ ಇರುತ್ತದೆ. ಅವರು ಸೋಲುವುದು ಬೇರೆ ಕಡೆ. ಎದುರಿಗೆ ಮಲಗಿದವರಲ್ಲಿ ಏನೋ ಬದಲಾಗುತ್ತಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ಅದನ್ನು ಏನೆಂದು ತಿಳಿಯಬೇಕು, ಯಾರಿಗೆ ಎಷ್ಟು ಬೇಗ ಹೇಳಬೇಕು ಎಂಬುದು ಹೊಳೆಯುವುದಿಲ್ಲ. ನಿಮ್ಮ ಪಠ್ಯದಲ್ಲಿ ಕ್ಲಿನಿಕಲ್ ಜಡ್ಜ್‌ಮೆಂಟ್ ಎಂಬ ಹೆಸರಿನಲ್ಲಿ ಇರುವುದು ಇದೇ. ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ಇದನ್ನು ನಾಲ್ಕು ಹೆಜ್ಜೆಯಾಗಿ ಬಿಡಿಸಿಟ್ಟರು: ಗಮನಿಸುವುದು, ಅರ್ಥ ಹಚ್ಚುವುದು, ಅದಕ್ಕೆ ತಕ್ಕಂತೆ ಮಾಡುವುದು, ಮಾಡಿದ್ದನ್ನು ಮತ್ತೆ ನೋಡಿಕೊಳ್ಳುವುದು. ಪರೀಕ್ಷೆಗೆ ನಿಮ್ಮ ವಿದ್ಯಾರ್ಥಿಗಳು ಈ ನಾಲ್ಕನ್ನೂ ಬಾಯಿಪಾಠ ಹೇಳುತ್ತಾರೆ. ವಾರ್ಡಿನಲ್ಲಿ ಮೊದಲನೆಯದಕ್ಕೇ ತಡವರಿಸುತ್ತಾರೆ.

ಸೋಮಾರಿತನ ಎಂದು ಬೈದುಬಿಡುವುದು ಸುಲಭ. ಲೆಕ್ಕ ಹಾಕಿ ನೋಡಿ. ನಲವತ್ತು ಜನರ ಉಸಿರನ್ನು ಪೂರ್ತಿ ಒಂದೊಂದು ನಿಮಿಷ ಎಣಿಸಿದರೆ ಅದಕ್ಕೇ 40 ನಿಮಿಷ ಬೇಕು. ನಾಡಿ, ಜ್ವರ, ಬಿ.ಪಿ. ಬೇರೆ. ಬಿ.ಪಿ. ಯಂತ್ರ ಒಂದೇ, ಅದರ ಕಫ್ ಅರ್ಧ ಹೊತ್ತು ಗಾಳಿ ಬಿಡುತ್ತಿರುತ್ತದೆ. ಇದೆಲ್ಲ ಇಬ್ಬರೇ ವಿದ್ಯಾರ್ಥಿಗಳಿಂದ ಬೆಳಗಿನ ರೌಂಡ್ಸ್ ಬರುವಷ್ಟರಲ್ಲಿ ಮುಗಿಯಬೇಕು. ಕಾಲಂ ಖಾಲಿ ಬಿಟ್ಟರೆ ಎಲ್ಲರೆದುರು ಬೈಗುಳ. 20 ಎಂದು ಬರೆದರೆ ಯಾರೂ ಕೇಳುವುದಿಲ್ಲ. ಎರಡನೇ ವಾರಕ್ಕೆಲ್ಲ ವಿದ್ಯಾರ್ಥಿ ಕಲಿಯಬೇಕಾದ್ದನ್ನು ಕಲಿತಿರುತ್ತಾಳೆ.

ಎಣಿಸುವವರೂ 15 ಸೆಕೆಂಡ್ ನೋಡಿ ನಾಲ್ಕರಿಂದ ಗುಣಿಸುತ್ತಾರೆ. ಅದರಲ್ಲಿ ಒಂದು ಉಸಿರು ಲೆಕ್ಕ ತಪ್ಪಿದರೆ ಚಾರ್ಟಿನಲ್ಲಿ ನಾಲ್ಕು ತಪ್ಪುತ್ತದೆ. 20ಕ್ಕೂ 24ಕ್ಕೂ ನಡುವಿನ ಅಂತರ ಸಣ್ಣದಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ಎಚ್ಚರಿಕೆಯ ಅಂಕಪಟ್ಟಿಯಲ್ಲಿ, ಅಂದರೆ ನ್ಯೂಸ್-2ರಲ್ಲಿ, ಉಸಿರಾಟ 12ರಿಂದ 20 ಇದ್ದರೆ ಸೊನ್ನೆ ಅಂಕ, 21ರಿಂದ 24 ಇದ್ದರೆ 2, 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದೊಂದಕ್ಕೇ 3. ಒಂದೇ ಕಾಲಂನಲ್ಲಿ 3 ಬಂದರೂ ತಡಮಾಡದೆ ವೈದ್ಯರನ್ನು ಕರೆಸಬೇಕು ಎನ್ನುತ್ತದೆ ಆ ಪಟ್ಟಿ. ಎಣಿಸುವ ಕ್ರಮ ಹಳೆಯದೇ: ಮಣಿಕಟ್ಟು ಹಿಡಿದು ನಾಡಿ ಎಣಿಸಿ, ಕೈ ಬಿಡದೆ ಹಾಗೇ ಎದೆ–ಹೊಟ್ಟೆಯ ಏರಿಳಿತ ನೋಡುತ್ತ ಇನ್ನೊಂದು ನಿಮಿಷ ಎಣಿಸುವುದು. ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ರೋಗಿಯ ಉಸಿರಿನ ಲಯ ಬದಲಾಗುತ್ತದೆ, ಅದಕ್ಕೇ ಕೈ ನಾಡಿಯ ಮೇಲೇ ಇರಬೇಕು. ಸೀರೆ, ಚಾದರ ಹೊದ್ದು ಉಸಿರಾಟ ಕಾಣದಿದ್ದರೆ ಅವರ ಕೈಯನ್ನೇ ಅವರ ಹೊಟ್ಟೆಯ ಮೇಲಿಟ್ಟು ಆ ಕೈಯನ್ನು ನೋಡಬೇಕು.

ಪಲ್ಸ್ ಆಕ್ಸಿಮೀಟರ್ ಇದೆಯಲ್ಲ ಎನ್ನುವವರಿದ್ದಾರೆ. ಬೆರಳಿಗೆ ಕ್ಲಿಪ್ ಹಾಕಿದರೆ 97 ತೋರಿಸುವ ರೋಗಿ ನಿಮಿಷಕ್ಕೆ 32 ಸಲ ಉಸಿರಾಡುತ್ತಿರಬಹುದು. ರಕ್ತದಲ್ಲಿ ಆಮ್ಲ ಏರಿದಾಗ, ಸೋಂಕು ಮೈಗೆಲ್ಲ ಹರಡಿದಾಗ ಆಗುವುದು ಇದೇ. ಮೂಗಿಗೆ ಆಕ್ಸಿಜನ್ ಕೊಟ್ಟಿದ್ದರಂತೂ ಅಂಕಿ ಚೆನ್ನಾಗಿಯೇ ಇರುತ್ತದೆ, ದಣಿಯುತ್ತಿರುವುದು ರೋಗಿ.

ಅಂಕಿ ಸರಿಯಾಗಿ ಬರೆದರೂ ಅದನ್ನು ಓದಲು ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಳೆಗಾಲದಲ್ಲಿ ನಮ್ಮ ವಾರ್ಡುಗಳಲ್ಲಿ ಕಾಣುವ ಒಂದು ಚಾರ್ಟನ್ನು ಇಲ್ಲಿ ಬಿಡಿಸಿ ತೋರಿಸುತ್ತೇವೆ. ಡೆಂಗಿ, ಜ್ವರ ಬಂದು ಐದನೇ ದಿನ, 50 ಕೆ.ಜಿ. ತೂಕದ ಹೆಣ್ಣುಮಗಳು. ಬೆಳಿಗ್ಗೆ 6ಕ್ಕೆ ಜ್ವರ 102, ನಾಡಿ 88, ಬಿ.ಪಿ. 110/70. 10 ಗಂಟೆಗೆ ಜ್ವರ 99.6, ನಾಡಿ 104, ಬಿ.ಪಿ. 106/76. ಮಧ್ಯಾಹ್ನ 2ಕ್ಕೆ ಜ್ವರ 98.4, ನಾಡಿ 120, ಬಿ.ಪಿ. 100/80. ವಿದ್ಯಾರ್ಥಿ ಒಂದೊಂದು ಕಾಲಂ ಅನ್ನೂ ಬೇರೆಬೇರೆಯಾಗಿ ನೋಡುತ್ತಾಳೆ. ಜ್ವರ ಇಳಿದಿದೆ, ಒಳ್ಳೆಯದು. ಬಿ.ಪಿ. 100 ಇದೆ, ಪರವಾಗಿಲ್ಲ. ನಾಡಿ ಸ್ವಲ್ಪ ಜಾಸ್ತಿ, ಸುಸ್ತಾಗಿರಬೇಕು. ಷರಾದಲ್ಲಿ ‘ಸ್ಥಿತಿ ಸ್ಥಿರ’ ಎಂದು ಬರೆಯುತ್ತಾಳೆ.

ಈಗ ಅಡ್ಡಕ್ಕೆ ಓದಿ. ಮೇಲಿನ ಬಿ.ಪಿ.ಯಲ್ಲಿ ಕೆಳಗಿನದನ್ನು ಕಳೆದರೆ ಬೆಳಿಗ್ಗೆ 40, ಹತ್ತಕ್ಕೆ 30, ಎರಡಕ್ಕೆ 20. ಈ ಅಂತರವೇ ಪಲ್ಸ್ ಪ್ರೆಷರ್. ಡೆಂಗಿಯಲ್ಲಿ ಅದು 20ಕ್ಕೆ ಇಳಿಯಿತೆಂದರೆ ರಕ್ತನಾಳಗಳಿಂದ ನೀರಿನಂಶ ಸೋರಿ ರೋಗಿ ಶಾಕ್‌ಗೆ, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ಕಾಲಿಟ್ಟಾಯಿತು. ಮೇಲಿನ ಅಂಕಿ ಬೀಳದಂತೆ ದೇಹ ರಕ್ತನಾಳಗಳನ್ನು ಬಿಗಿಹಿಡಿದಿರುತ್ತದೆ, ಅದಕ್ಕೇ ಕೆಳಗಿನ ಅಂಕಿ ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಹಿಡಿತ ತಪ್ಪಿದ ಗಳಿಗೆಗೆ ಮೇಲಿನದು ಒಮ್ಮೆಲೇ ಕುಸಿಯುತ್ತದೆ. ಜ್ವರ ಇಳಿದ ಹೊತ್ತೇ, ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಅಪಾಯದ 24ರಿಂದ 48 ಗಂಟೆ ಶುರುವಾಗುವುದು. ಮನೆಯವರು ಡಿಸ್ಚಾರ್ಜ್ ಕೇಳುವುದೂ ಆಗಲೇ.

ಚಾರ್ಟಿನ ಅನುಮಾನ ಖಚಿತವಾಗುವುದು ಹಾಸಿಗೆ ಪಕ್ಕದಲ್ಲಿ. ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ? ಪಾದ ತಣ್ಣಗಿದೆಯೇ? ಹೊಟ್ಟೆನೋವು, ಬಿಡದ ವಾಂತಿ ಇದೆಯೇ? ಮಗ್ಗುಲು ಬದಲಿಸುತ್ತ ಚಡಪಡಿಸುತ್ತಿದ್ದಾರೆಯೇ? ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 38 ಇದ್ದದ್ದು 46 ಆಗಿದ್ದರೆ ಶೇ 20ಕ್ಕೂ ಹೆಚ್ಚಿನ ಏರಿಕೆ, ಸೋರಿಕೆಗೆ ಅದು ಸಾಕ್ಷಿ. ನಮ್ಮ ಕಡೆ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ. ‘ಎಷ್ಟು ಆಗ್ಯಾವ್ರಿ ಸಿಸ್ಟರ್?’ ಎಂದು ನೆಂಟರು ಗಂಟೆಗೊಮ್ಮೆ ಕೇಳುತ್ತಾರೆ, ಪಪ್ಪಾಯಿ ಎಲೆಯ ರಸ ಹಿಂಡಿ ತರುತ್ತಾರೆ. ವಿದ್ಯಾರ್ಥಿಯೂ ಅದೇ ಅಂಕಿಯ ಬೆನ್ನು ಹತ್ತಿರುತ್ತಾಳೆ. ಇನ್ನು ಸೋರಿಕೆ ನಿಂತ ಮೇಲೆ ಹೊರಹೋದ ನೀರೆಲ್ಲ ರಕ್ತನಾಳಕ್ಕೆ ವಾಪಸು ಬರುತ್ತದೆ. ಆಗಲೂ ಡ್ರಿಪ್ ಹಳೆಯ ವೇಗದಲ್ಲೇ ಓಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ‘ಇದು ಇನ್ನೂ ಇಷ್ಟೇ ಓಡಬೇಕೇ ಸರ್?’ ಎಂದು ಕೇಳುವುದು ಡ್ರಿಪ್ ನೋಡಿಕೊಳ್ಳುವವರ ಕೆಲಸ.

ಮುಂದಿನದು ಫೋನು. ಡ್ಯೂಟಿ ಡಾಕ್ಟರು ಮೂರು ವಾರ್ಡ್ ನೋಡುತ್ತಿರುತ್ತಾರೆ. ‘ಸರ್, 12ನೇ ಬೆಡ್ ಪೇಷಂಟ್ ಯಾಕೋ ಸರಿ ಇಲ್ಲ ಸರ್’ ಎಂದರೆ ‘ಬಿ.ಪಿ. ಎಷ್ಟಮ್ಮಾ?’ ಎಂಬ ಪ್ರಶ್ನೆ ಬರುತ್ತದೆ. ‘100 ಇದೆ ಸರ್.’ ‘ಸರಿ, ನೋಡ್ತಾ ಇರು.’ ಫೋನು ಇಟ್ಟಾಯಿತು. ಅದೇ ಮಾತನ್ನು ಹೀಗೆ ಹೇಳಿದರೆ: ‘ಸರ್, ಫೀಮೇಲ್ ಮೆಡಿಕಲ್ ವಾರ್ಡ್‌ನಿಂದ, ಮೂರನೇ ವರ್ಷದ ಸ್ಟೂಡೆಂಟ್, ಸಿಸ್ಟರ್ ಪಕ್ಕದಲ್ಲಿದ್ದಾರೆ. 12ನೇ ಬೆಡ್, ಡೆಂಗಿ, ಐದನೇ ದಿನ, ಜ್ವರ ಇವತ್ತು ಇಳಿದಿದೆ. ಬೆಳಿಗ್ಗೆ ಬಿ.ಪಿ. 110/70, ಈಗ 100/80. ನಾಡಿ 88 ಇದ್ದದ್ದು 120. ಪಾದ ತಣ್ಣಗಿದೆ, ಮೂರು ಸಲ ವಾಂತಿ, ಆರು ಗಂಟೆಯಲ್ಲಿ ಮೂತ್ರ 90 ಮಿ.ಲೀ. ಶಾಕ್‌ಗೆ ಹೋಗ್ತಿದ್ದಾರೆ ಅನ್ನಿಸ್ತಿದೆ. ಈಗಲೇ ಬಂದು ನೋಡಿ ಸರ್. ನೀವು ಬರೋದರೊಳಗೆ ಫ್ಲೂಯಿಡ್ ಎಷ್ಟು ಓಡಿಸಲಿ? ಹಿಮಾಟೊಕ್ರಿಟ್‌ಗೆ ಬ್ಲಡ್ ಕಳಿಸಲಾ?’ ಇದಕ್ಕೆ ಅರ್ಧ ನಿಮಿಷ ಸಾಕು, ಡಾಕ್ಟರು ಬಂದೇ ಬರುತ್ತಾರೆ. ಅವರು ಹೇಳಿದ ಆದೇಶವನ್ನು ತಿರುಗಿ ಓದಿ ಹೇಳಿ, ಸಮಯ ಹಾಕಿ ಬರೆದುಕೊಂಡರೆ ಕರೆ ಪೂರ್ತಿಯಾಯಿತು. ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಕೋರಿಕೆ ಎಂಬ ಈ ಕ್ರಮಕ್ಕೆ ಎಸ್‌ಬಾರ್ (SBAR) ಎಂಬ ಹೆಸರಿರುವುದು ನಿಮ್ಮ ವಿದ್ಯಾರ್ಥಿಗಳಿಗೆ ಗೊತ್ತು, ನಾಲ್ಕು ಅಕ್ಷರದ ಬಿಡಿ ಅರ್ಥವೂ ಗೊತ್ತು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಒಬ್ಬ ವೈದ್ಯರಿಗೆ ಹಾಗೆ ಫೋನು ಮಾಡದೆ ಪದವಿ ಪಡೆದವರು ಕೆಲಸಕ್ಕೆ ಸೇರುತ್ತಿದ್ದಾರೆ.

ಗಮನಿಸುವುದು ಕಿವಿಯಿಂದಲೂ ಆಗಬೇಕು. ಪಠ್ಯ ಇಂಗ್ಲಿಷಿನಲ್ಲಿದೆ, ರೋಗಿ ಮಾತಾಡುವುದು ಸಿಂಧನೂರಿನ, ಸಿರುಗುಪ್ಪದ, ಕುಷ್ಟಗಿಯ ಕನ್ನಡದಲ್ಲಿ. ‘ದಮ್ಮು ಹತ್ತೈತ್ರಿ’ ಎಂದರೆ ಉಸಿರಾಟದ ತೊಂದರೆ. ‘ಕಣ್ಣಿಗೆ ಕತ್ತಲಿ ಬರ್ತೈತ್ರಿ’ ಎಂದರೆ ಕುಳಿತವರನ್ನು ಮಲಗಿಸಿ ಬಿ.ಪಿ. ನೋಡಬೇಕು. ‘ಯಾಕೋ ಮಬ್ಬ ಆಗ್ಯಾನ್ರಿ, ಮಾತು ಆಡವಲ್ಲ’ ಎಂದು ತಾಯಿ ಹೇಳಿದರೆ ಅದು ಪ್ರಜ್ಞೆಯ ಮಟ್ಟ ಬದಲಾಗಿರುವುದರ ಮೊದಲ ವರದಿ, ನಮ್ಮ ಯಾವ ಅಳತೆಗಿಂತಲೂ ಮುಂಚೆ ಬಂದದ್ದು. ವಿದ್ಯಾರ್ಥಿ ಅದನ್ನು ಅಟೆಂಡರ್ ಗಲಾಟೆ ಎಂದುಕೊಂಡು ಹೊರಗೆ ಕಳಿಸುತ್ತಾಳೆ. ‘ಎಣ್ಣಿ ಕುಡದಾನ್ರಿ’ ಎಂಬ ಮಾತನ್ನು ಬೇರೆ ಕಡೆಯಿಂದ ಬಂದ ವಿದ್ಯಾರ್ಥಿಗಳು ಸಾರಾಯಿ ಎಂದು ತಿಳಿದು ಬರೆದುಕೊಳ್ಳುತ್ತಾರೆ. ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಹೊಡೆಯುವ ಕೀಟನಾಶಕಕ್ಕೆ ಇಲ್ಲಿ ಎಣ್ಣಿ ಎನ್ನುತ್ತಾರೆ.

ಆ ಎಣ್ಣಿಯ ಬಗ್ಗೆಯೇ ಹೇಳಬೇಕು, ಏಕೆಂದರೆ ತುಂಗಭದ್ರಾ ಅಚ್ಚುಕಟ್ಟಿನ ಆಸುಪಾಸಿನ ಯಾವ ಆಸ್ಪತ್ರೆಗೂ ಇದು ಅಪರೂಪವಲ್ಲ. ಮೊದಲು ಡಬ್ಬಿ ಯಾವುದು ಎಂದು ಕೇಳಿ ತರಿಸಬೇಕು. ‘ಪಾಯ್ಸನ್ ಕೇಸ್’ ಎಂದಷ್ಟೇ ಬರೆದರೆ ಸಾಲದು. ಆರ್ಗನೊಫಾಸ್ಫೇಟ್ ಎಂಬ ಬಗೆಯ ಕೀಟನಾಶಕ ಆದರೆ ಅದಕ್ಕೆ ಮದ್ದಾದ ಅಟ್ರೋಪಿನ್ ಬೇಕು, ಪ್ಯಾರಾಕ್ವಾಟ್ ಎಂಬ ಕಳೆನಾಶಕ ಆದರೆ ಸುಮ್ಮನೆ ಆಕ್ಸಿಜನ್ ಕೊಡುವುದೇ ಶ್ವಾಸಕೋಶಕ್ಕೆ ಹಾನಿ. ಬಟ್ಟೆ ಬಿಚ್ಚಿ ಚೀಲಕ್ಕೆ ಹಾಕಿ ಕಟ್ಟಿ, ಗ್ಲೌಸ್ ಹಾಕಿಕೊಂಡು ಮೈ, ಕೂದಲು, ಉಗುರಿನ ಸಂದು ಸೋಪು ನೀರಿನಲ್ಲಿ ತೊಳೆಯಬೇಕು. ಎಷ್ಟೋ ಕಡೆ ಅಟ್ರೋಪಿನ್ ಓಡುತ್ತಿರುತ್ತದೆ, ಎಣ್ಣಿ ನೆನೆದ ಅಂಗಿ ಮೈಮೇಲೇ ಇರುತ್ತದೆ.

ಆರ್ಗನೊಫಾಸ್ಫೇಟ್‌ಗೆ ದೊಡ್ಡವರಿಗೆ ವೈದ್ಯರು ಬರೆಯುವ ಅಟ್ರೋಪಿನ್‌ನ ಮೊದಲ ಡೋಸ್ ಸಾಮಾನ್ಯವಾಗಿ 1.8ರಿಂದ 3 ಮಿ.ಗ್ರಾಂ., ಅಂದರೆ 0.6 ಮಿ.ಗ್ರಾಂ.ನ 3ರಿಂದ 5 ಆಂಪ್ಯೂಲ್. ಐದು ನಿಮಿಷಕ್ಕೆ ನೋಡಿ, ಸಾಲದಿದ್ದರೆ ದುಪ್ಪಟ್ಟು. ಎಲ್ಲಿಗೆ ಸಾಕು ಎಂಬುದರಲ್ಲೇ ತೀರ್ಮಾನ ಎಡವುವುದು. ವಿದ್ಯಾರ್ಥಿ ಟಾರ್ಚ್ ಹಿಡಿದು ಪಾಪೆ ಅಗಲವಾಯಿತು, ನಾಡಿ 130 ಆಯಿತು, ಇನ್ನು ಸಾಕು ಎನ್ನುತ್ತಾಳೆ. ಎದೆಗೆ ಸ್ಟೆತ್ ಇಟ್ಟರೆ ಇನ್ನೂ ಗೊರಗೊರ. ನಾಡಿ ಓಡುತ್ತಿರುವುದು ಆಕ್ಸಿಜನ್ ಸಾಲದೆಯೂ ಇರಬಹುದು. ನೋಡಬೇಕಾದ್ದು: ಎರಡೂ ಕಡೆ ಎದೆಯ ಸದ್ದು ತಿಳಿಯಾಗಿದೆಯೇ, ಕಂಕುಳ ಒಣಗಿದೆಯೇ, ನಾಡಿ 80ರ ಮೇಲಿದೆಯೇ, ಮೇಲಿನ ಬಿ.ಪಿ. 80ರ ಮೇಲಿದೆಯೇ, ಪಾಪೆ ಸೂಜಿಮೊನೆಯಂತೆ ಉಳಿದಿಲ್ಲವಷ್ಟೇ. ಇದರಾಚೆ ಹೋಗಿ ಜ್ವರ, ಬಡಬಡಿಕೆ ಶುರುವಾಗಿ ಕರುಳಿನ ಸದ್ದೂ ಮೂತ್ರವೂ ನಿಂತರೆ ಔಷಧ ಹೆಚ್ಚಾಗಿದೆ. ಹಗಲು ಒಣಗಿದ್ದ ಎದೆ ರಾತ್ರಿ 2 ಗಂಟೆಗೆ ಮತ್ತೆ ತೇವವಾಗಬಹುದು, ಅದೂ ಡ್ರಿಪ್ ಬಾಟಲಿ ಬದಲಿಸುವಾಗ ಅಟ್ರೋಪಿನ್ ಹಾಕಲು ಮರೆತ ರಾತ್ರಿ.

ಎರಡನೇ ದಿನ ರೋಗಿ ಎದ್ದು ಕುಳಿತು ಗಂಜಿ ಕೇಳುತ್ತಾನೆ, ಎಲ್ಲರೂ ನಿರಾಳ. 24ರಿಂದ 96 ಗಂಟೆಯ ನಡುವೆ ಕತ್ತು, ಭುಜ, ಉಸಿರಾಟದ ಸ್ನಾಯುಗಳು ಸೋಲುವುದುಂಟು. ಇದನ್ನು ಹಿಡಿಯಲು ಯಂತ್ರ ಬೇಡ. ‘ದಿಂಬಿನ ಮ್ಯಾಲಿಂದ ತಲಿ ಎತ್ತಪ್ಪಾ’ ಎನ್ನಬೇಕು. ನಿನ್ನೆ ಎತ್ತಿ ಹಿಡಿದವನು ಇವತ್ತು ಎತ್ತಲಾರದಿದ್ದರೆ ಉಸಿರಾಟ ಸೋಲಲು ಹೆಚ್ಚು ಹೊತ್ತಿಲ್ಲ. ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳಿ ಎಲ್ಲಿಗೆ ನಿಲ್ಲುತ್ತಾನೆಂದು ಬರೆದಿಡಬೇಕು. ಬೆಳಿಗ್ಗೆ 25, ಮಧ್ಯಾಹ್ನ 18, ಸಂಜೆ 11 ಎಂಬ ಮೂರು ಅಂಕಿ ವಿದ್ಯಾರ್ಥಿ ಬರೆಯುವ ಯಾವ ಕೇರ್ ಪ್ಲಾನ್‌ಗಿಂತಲೂ (ಆರೈಕೆಯ ಯೋಜನೆ) ಹೆಚ್ಚು ಹೇಳುತ್ತದೆ.

ಇದೇ ಪರೀಕ್ಷೆ ಹಾವು ಕಡಿತಕ್ಕೂ ಬರುತ್ತದೆ. ನೆಲದ ಮೇಲೆ ಮಲಗಿದ್ದವರಿಗೆ ಕಟ್ಟುಹಾವು ಕಡಿದರೆ ಗಾಯದ ಗುರುತೇ ಇಲ್ಲದಿರಬಹುದು. ನಸುಕಿನಲ್ಲಿ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು. ಅದನ್ನು ನಿದ್ದೆಗಣ್ಣು ಎಂದು ಬರೆದಿಟ್ಟ ಚಾರ್ಟುಗಳಿವೆ. ಮಂಡಲದ ಹಾವಿಗೆ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ: 2 ಮಿ.ಲೀ. ರಕ್ತ, ಹೊಸದಾದ ಒಣ ಗಾಜಿನ ಟ್ಯೂಬ್, ಅಲ್ಲಾಡಿಸದೆ 20 ನಿಮಿಷ, ಆಮೇಲೆ ಒಂದೇ ಸಲ ಓರೆ ಮಾಡಿ ನೋಡುವುದು. ಪ್ಲಾಸ್ಟಿಕ್ ಟ್ಯೂಬ್‌ನಲ್ಲಿ, ಸೋಪು ಹಾಕಿ ತೊಳೆದ ಟ್ಯೂಬ್‌ನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದಿರಬಹುದು. ಹತ್ತನೇ ನಿಮಿಷಕ್ಕೆ ಎತ್ತಿ ಕುಲುಕಿ ನೋಡುವ ಚಪಲ ವಿದ್ಯಾರ್ಥಿಗಳಿಗೆ ಮಾತ್ರ ಇಲ್ಲ ಎಂಬುದನ್ನು ಒಪ್ಪುತ್ತೇವೆ.

ಹೆರಿಗೆ ವಾರ್ಡಿಗೆ ಬಂದರೆ ಆ 20 ನೇರವಾಗಿ ಪ್ರಾಣಕ್ಕೇ ಬರುತ್ತದೆ. ಬಸುರಿಯಲ್ಲಿ ಬಿ.ಪಿ. ಏರಿ ಫಿಟ್ಸ್ ಬಂದಾಗ ಮ್ಯಾಗ್ನೀಷಿಯಂ ಸಲ್ಫೇಟ್ ಕೊಡುತ್ತೇವೆ, ಆಮೇಲೆ 4 ಗಂಟೆಗೊಮ್ಮೆ 5 ಗ್ರಾಂ ಸೊಂಟಕ್ಕೆ. ಪ್ರತಿ ಡೋಸ್‌ಗೆ ಮುಂಚೆ ಮೂರು ನೋಡಬೇಕು: ಮಂಡಿ ತಟ್ಟಿದರೆ ಕಾಲು ಜಿಗಿಯುತ್ತದೆಯೇ, ಉಸಿರಾಟ ನಿಮಿಷಕ್ಕೆ ಕನಿಷ್ಠ 16 ಇದೆಯೇ, ಮೂತ್ರ ಗಂಟೆಗೆ ಕನಿಷ್ಠ 30 ಮಿ.ಲೀ. ಬಂದಿದೆಯೇ. ಈ ಔಷಧ ಹೊರಹೋಗುವುದು ಮೂತ್ರಪಿಂಡದ ದಾರಿಯಿಂದ. ಮೂತ್ರ ಕಡಿಮೆಯಾದರೆ ಅದು ಮೈಯಲ್ಲೇ ಉಳಿದು ಮೊದಲು ಮಂಡಿಯ ಜಿಗಿತ, ಆಮೇಲೆ ಉಸಿರು, ಕೊನೆಗೆ ಹೃದಯ ನಿಲ್ಲಿಸುತ್ತದೆ. ನಿಜವಾದ ಉಸಿರಾಟ 12 ಇದ್ದು ಚಾರ್ಟಿನಲ್ಲಿ 20 ಎಂದಿದ್ದರೆ, ಮೂತ್ರದ ಕಾಲಂನಲ್ಲಿ ಅಳತೆಯ ಬದಲು ‘ಆಗಿದೆ’ ಎಂದಿದ್ದರೆ, ಕಾಗದದ ಪ್ರಕಾರ ಮುಂದಿನ ಡೋಸ್ ಕೊಡಬಹುದು. ಮೂರರಲ್ಲಿ ಒಂದು ತಪ್ಪಿದರೂ ಡೋಸ್ ತಡೆಹಿಡಿದು ವೈದ್ಯರನ್ನು ಕರೆಯಬೇಕು. ವೈದ್ಯರು ಹೇಳಿದರೆ ನಿಧಾನಕ್ಕೆ ರಕ್ತನಾಳಕ್ಕೆ ಕೊಡಲು ಶೇ 10ರ ಕ್ಯಾಲ್ಷಿಯಂ ಗ್ಲೂಕೊನೇಟ್ 10 ಮಿ.ಲೀ. ಹಾಸಿಗೆ ಪಕ್ಕದ ಟ್ರೇಯಲ್ಲೇ ಇರಬೇಕು, ಬೀಗ ಹಾಕಿದ ಕಪಾಟಿನಲ್ಲಿ ಇರಬಾರದು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಐ.ವಿ. ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯವೇ ಮಾತಾಡಿತು. ಅದನ್ನು ವಿಚಾರಿಸಬೇಕಾದವರು ವಿಚಾರಿಸಲಿ. ನಿಮ್ಮ ತರಗತಿಗೆ ಅದರಿಂದ ಬರಬೇಕಾದ ಪಾಠ ಎರಡಿವೆ. ಬಾಟಲಿ ತೂಗುಹಾಕುವ ಮುಂಚೆ ಬೆಳಕಿಗೆ ಹಿಡಿದು ಕಣ, ಬಿರುಕು, ಸೋರಿಕೆ ನೋಡಿ, ಅವಧಿ ಓದಿ, ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಯುವುದು ಒಂದು. ಡ್ರಿಪ್ ಶುರುವಾದ ಮೇಲೆ ಗಡಗಡ ನಡುಕ ಬಂದರೆ ಕೂಡಲೇ ನಿಲ್ಲಿಸಿ, ಬಾಟಲಿಯನ್ನೂ ಸೆಟ್ಟನ್ನೂ ಎಸೆಯದೆ ಹೆಸರು ಬರೆದು ಎತ್ತಿಟ್ಟು, ವೈದ್ಯರಿಗೆ ತಿಳಿಸುವುದು ಇನ್ನೊಂದು. ಈಗ ನಡೆಯುವುದು ಏನೆಂದರೆ ಕಂಬಳಿ ಹೊದಿಸುತ್ತಾರೆ, ಬಾಟಲಿ ಕಸದ ಬುಟ್ಟಿ ಸೇರುತ್ತದೆ.

ಬೇಸಿಗೆಯ ಹೊಡೆತದ ಬಗ್ಗೆ ಎರಡೇ ಮಾತು. ರಾಯಚೂರಿನ ಏಪ್ರಿಲ್–ಮೇನಲ್ಲಿ ಬಿಸಿಲಿಗೆ ಬಿದ್ದು ಪ್ರಜ್ಞೆ ತಪ್ಪಿ, ಮೈ ಶಾಖ 40 ಡಿಗ್ರಿ ಸೆಲ್ಷಿಯಸ್ ದಾಟಿ ಬಂದವರಿಗೆ ಪ್ಯಾರಾಸಿಟಮಾಲ್ ಕೆಲಸ ಮಾಡದು. ನೀರು ಚಿಮುಕಿಸಿ ಫ್ಯಾನ್ ಹಾಕಿ, ಕತ್ತು, ಕಂಕುಳ, ತೊಡೆಸಂದಿಗೆ ಐಸ್ ಇಡಬೇಕು. ಮಬ್ಬಿನಲ್ಲಿರುವವರ ಬಾಯಿಗೆ ನೀರು ಹಾಕಬಾರದು.

ತಪ್ಪೆಲ್ಲ ಕಾಲೇಜಿನದೇ ಎಂದು ನಾವು ಕೈ ತೊಳೆದುಕೊಳ್ಳುತ್ತಿಲ್ಲ. ವಿದ್ಯಾರ್ಥಿಗಳು ಬಂದರೆ ನಮಗೆ ಕೈಯಾಳು ಬಂದಂತೆ. ಸ್ಯಾಂಪಲ್ ಲ್ಯಾಬ್‌ಗೆ ಕೊಟ್ಟು ಬಾ, ಟ್ರಾಲಿ ತಳ್ಳು, ಫಾರ್ಮಸಿಯಿಂದ ಇಂಡೆಂಟ್ ತಾ. ಪಾಳಿಯ ಅರ್ಧ ಹೀಗೇ ಕಳೆಯುತ್ತದೆ. ಉಳಿದರ್ಧದಲ್ಲಿ ಅವರು ಮೂಲೆಯ ಸ್ಟೂಲಿನ ಮೇಲೆ ಕುಳಿತು ಹಿಂದಿನ ಬ್ಯಾಚಿನವರ ಕೇರ್ ಪ್ಲಾನ್ ನಕಲು ಮಾಡುತ್ತಾರೆ. ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಅಡಿಗೆರೆ ಎಳೆದ ಇಪ್ಪತ್ತು ಪುಟ, ರೋಗಿಯ ಹೆಸರು ಮಾತ್ರ ಹೊಸದು. ಬೋಧಕರು ಬಂದು ಸಹಿ ಮಾಡಿ ಹೋಗುತ್ತಾರೆ. ಒಬ್ಬ ಬೋಧಕರಿಗೆ ಹತ್ತು ವಿದ್ಯಾರ್ಥಿಗಳು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ವಾರ್ಡಿನಲ್ಲಿ ನಾವು ಕಾಣುವ ಲೆಕ್ಕ ನಿಮಗೂ ಗೊತ್ತಿರುವುದರಿಂದ ಬರೆಯುವುದಿಲ್ಲ. ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ 2023ರ ಏಪ್ರಿಲ್‌ನಿಂದ ಇದೇ ಜಡ್ಜ್‌ಮೆಂಟನ್ನು ಅಳೆಯುವ ಕೇಸ್ ಸ್ಟಡಿಗಳನ್ನು ಕೇಳುತ್ತಿದೆ. ಹೊರದೇಶಕ್ಕೆ ಹೋಗುವ ನಿಮ್ಮ ಹಳೆಯ ವಿದ್ಯಾರ್ಥಿಗಳು ಅದನ್ನು ದುಡ್ಡು ಕೊಟ್ಟು ಕೋಚಿಂಗ್‌ನಲ್ಲಿ ಕಲಿಯುತ್ತಾರೆ. ಊರಲ್ಲೇ ಉಳಿಯುವವರಿಗೆ ಆ ಭಾಗ್ಯವೂ ಇಲ್ಲ.

ನಮ್ಮ ಕೋರಿಕೆಗಳಿಗೆ ಹೊಸ ಕಟ್ಟಡ, ತರಬೇತಿಗೆ ಹೊಸ ಗೊಂಬೆ, ಹೊಸ ಆದೇಶ ಯಾವುದೂ ಬೇಡ. ಮೊದಲನೆಯದಾಗಿ, ಎಣಿಸದ ಅಂಕಿಯನ್ನು ಖಾಲಿ ಬಿಡುವ ಹಕ್ಕು ವಿದ್ಯಾರ್ಥಿಗೆ ಕೊಡಿ. ಖಾಲಿ ಕಾಲಂಗೆ ಶಿಕ್ಷೆ ಬೇಡ, ಸುಳ್ಳು ಅಂಕಿಗೆ ಇರಲಿ. ಒಬ್ಬ ವಿದ್ಯಾರ್ಥಿಗೆ ನಲವತ್ತು ರೋಗಿಗಳ ಬದಲು ನಾಲ್ಕೇ ಜನರನ್ನು ಒಪ್ಪಿಸಿ, ಆ ನಾಲ್ವರ ಉಸಿರು, ಪಲ್ಸ್ ಪ್ರೆಷರ್, ಗಂಟೆ ಹಾಕಿದ ಮೂತ್ರದ ಅಳತೆ ಪೂರ್ತಿ ಬರಲಿ. ಉಳಿದವರದ್ದು ನಾವು ನೋಡಿಕೊಳ್ಳುತ್ತೇವೆ. ಅದು ಮೊದಲಿನಿಂದಲೂ ನಮ್ಮದೇ ಕೆಲಸ.

ಇಪ್ಪತ್ತು ಪುಟದ ಕೇರ್ ಪ್ಲಾನ್ ಬದಲು ದಿನಕ್ಕೊಂದು ಪುಟ ಸಾಕು: ಈ ನಾಲ್ವರಲ್ಲಿ ಯಾರ ಬಗ್ಗೆ ನಿನಗೆ ಆತಂಕ, ಯಾವ ಗುರುತು ನೋಡಿ, ಮುಂದಿನ ಎರಡು ಗಂಟೆಯಲ್ಲಿ ಏನಾಗಬಹುದು, ಆದರೆ ಏನು ಮಾಡುತ್ತೀಯ. ಮರುದಿನ ಅದೇ ಪುಟದ ಕೆಳಗೆ ನಿಜವಾಗಿ ಏನಾಯಿತು ಎಂದು ಬರೆಯಲಿ. ಊಹೆ ತಪ್ಪಾದರೆ ಅಂಕ ಕಳೆಯಬೇಡಿ, ಯಾಕೆ ತಪ್ಪಿತು ಎಂದು ಕೇಳಿ. ಪ್ರತಿ ವಿದ್ಯಾರ್ಥಿಯೂ ಮೂರನೇ ವರ್ಷ ಮುಗಿಯುವುದರೊಳಗೆ ನಮ್ಮ ಪಕ್ಕದಲ್ಲಿ ನಿಂತು ಕನಿಷ್ಠ ಹತ್ತು ಸಲ ವೈದ್ಯರಿಗೆ ಫೋನು ಮಾಡಿರಬೇಕು. ಪ್ರೊಸೀಜರ್ ಪುಸ್ತಕದಲ್ಲಿ ಕ್ಯಾತಿಟರ್‌ಗೆ, ಇಂಜೆಕ್ಷನ್‌ಗೆ ಸಾಲು ಇರುವಂತೆ ಇದಕ್ಕೂ ಒಂದು ಸಾಲು ಸೇರಿಸಿ, ನಾವು ಸಹಿ ಮಾಡುತ್ತೇವೆ. ಒಳ ಪರೀಕ್ಷೆಯ ವೈವಾದಲ್ಲಿ ಟ್ರೇ ಜೋಡಿಸಲು ಹೇಳುವುದರ ಜೊತೆಗೆ ಹೆಸರು ಅಳಿಸಿದ ಮೂರು ಚಾರ್ಟ್ ಮುಂದಿಟ್ಟು, ಮೊದಲು ಯಾವ ಹಾಸಿಗೆಗೆ ಹೋಗುತ್ತೀ ಎಂದು ಕೇಳಿ. ಅಂಥ ಚಾರ್ಟ್‌ಗಳನ್ನು ಆಸ್ಪತ್ರೆಯ ಅನುಮತಿ ಪಡೆದು ನಾವೇ ಒದಗಿಸಬಲ್ಲೆವು.

ರೋಗಿಯ ಮಾತಿನ ಒಂದು ಪಟ್ಟಿಯನ್ನು, ದಮ್ಮು, ಮಬ್ಬು, ಸಂಕಟ, ಎಣ್ಣಿ ಇವೆಲ್ಲ ಸೇರಿಸಿ, ವಾರ್ಡಿನ ಹಿರಿಯ ಆಯಾಗಳ ಜೊತೆ ಕುಳಿತು ನಾವು ಬರೆಯತೊಡಗಿದ್ದೇವೆ. ಅದನ್ನು ಮೊದಲ ಪೋಸ್ಟಿಂಗ್‌ಗೆ ಮುಂಚೆ ವಿದ್ಯಾರ್ಥಿಗಳ ಕೈಗೆ ಕೊಡಿ. ಹೊರ ರಾಜ್ಯದಿಂದ ಬಂದವರಿಗೆ ಇದು ಎಷ್ಟು ಬೇಕೋ ಬೆಂಗಳೂರು, ಮೈಸೂರಿನ ಕಡೆಯವರಿಗೂ ಅಷ್ಟೇ ಬೇಕು.

ಕೊನೆಯ ಕೋರಿಕೆ ಬೋಧಕರಿಗೆ. ವಾರಕ್ಕೆ ಎರಡು ದಿನವಾದರೂ ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತಿಗೆ ವಾರ್ಡಿಗೆ ಬನ್ನಿ. ಹ್ಯಾಂಡ್‌ಓವರ್ ಅನ್ನು ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲೆ ಮುಗಿಸದೆ ಹಾಸಿಗೆಯಿಂದ ಹಾಸಿಗೆಗೆ ನಡೆದುಕೊಂಡು ಮಾಡಲು ನಾವು ಸಿದ್ಧ. ಅರ್ಧ ಗಂಟೆ ಸಾಕು. ನೀವು ಮಾತಾಡಬೇಕಾಗಿಯೂ ಇಲ್ಲ. ವಿದ್ಯಾರ್ಥಿ ತನ್ನ ನಾಲ್ವರನ್ನು ಒಪ್ಪಿಸುವಾಗ ಪಕ್ಕದಲ್ಲಿ ನಿಂತು, ಅವಳು 20 ಎಂದು ಓದಿದಾಗಲೆಲ್ಲ ‘ಬಾ, ಇಬ್ಬರೂ ಸೇರಿ ಎಣಿಸೋಣ’ ಎನ್ನಿ.

ಮುಂದಿನ ಬ್ಯಾಚಿನ ಪೋಸ್ಟಿಂಗ್ ಪಟ್ಟಿ ಹೊರಡಿಸುವ ಮುಂಚೆ ಆಯಾ ಆಸ್ಪತ್ರೆಯ ಶುಶ್ರೂಷಾ ಅಧೀಕ್ಷಕರ ಮೂಲಕ ತಮ್ಮ ಉತ್ತರ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ವಾರ್ಡುಗಳ ಶುಶ್ರೂಷಾಧಿಕಾರಿಗಳು